ಕೊಠಡಿಯಿಲ್ಲದ ಮನೋವಿಶ್ಲೇಷಣೆ

1922ರ ಆರಂಭದಲ್ಲಿ ವಿಯೆನ್ನಾ ನಗರದ ಸಿಗ್ಮಂಡ್ ಫ್ರಾಯ್ಡ್ ಅವರ ವಿಳಾಸಕ್ಕೆ ಕಲ್ಕತ್ತೆಯಿಂದ ಒಂದು ಪೆನ್ಸಿಲ್ ಚಿತ್ರ ಅಂಚೆಯಲ್ಲಿ ಬಂತು. ಕಳಿಸಿದವರು ಡಾ. ಗಿರೀಂದ್ರಶೇಖರ ಬೋಸ್. ಬರೆದವರು ಅವರ ಮಿತ್ರ, ಬಂಗಾಳದ ಹೆಸರಾಂತ ಕಲಾವಿದ ಜತೀಂದ್ರಕುಮಾರ ಸೇನ್. ಚಿತ್ರದಲ್ಲಿದ್ದವರು ಸ್ವತಃ ಫ್ರಾಯ್ಡ್! ಆದರೆ ಬೋಸ್ ಆಗಲಿ ಸೇನ್ ಆಗಲಿ ಫ್ರಾಯ್ಡ್ ಅವರನ್ನು ಕಣ್ಣಾರೆ ಕಂಡವರಲ್ಲ. ಇಂಥ ಮನುಷ್ಯ ನೋಡಲು ಹೀಗಿರಬೇಕು ಎಂದು ಊಹಿಸಿ ಬರೆದ ಚಿತ್ರ ಅದು.

ಫ್ರಾಯ್ಡ್ ಚಿತ್ರವನ್ನು ಮೆಚ್ಚಿ ಉತ್ತರ ಬರೆದರು. ಮೂಲ ವ್ಯಕ್ತಿಗಿಂತ ಚಿತ್ರವೇ ಬಹಳ ಚೆನ್ನಾಗಿದೆ, ಆದರೆ ತಮ್ಮ ಜನಾಂಗದ ಚಹರೆ ಅದರಲ್ಲಿ ಬಂದಿಲ್ಲ ಎಂದು ನವಿರಾಗಿ ಸೂಚಿಸಿದರು. ಗೆಳತಿ ಲೂ ಆಂಡ್ರಿಯಾಸ್ ಸಲೋಮೆಗೆ ಬರೆದ ಪತ್ರದಲ್ಲಿ ಮಾತ್ರ, ಯಹೂದಿಯಾದ ತಮ್ಮನ್ನು ಪೂರಾ ಇಂಗ್ಲಿಷರವನನ್ನಾಗಿ ಮಾಡಿಬಿಟ್ಟಿದ್ದಾರೆ ಎಂದು ತಮಾಷೆ ಮಾಡಿದರು. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಕಲ್ಕತ್ತೆಯ ಕಲ್ಪನೆಯಲ್ಲಿ ಯೂರೋಪಿನ ದೊಡ್ಡ ಮನುಷ್ಯನಿಗೆ ಸಾಹೇಬರ ಮುಖವಲ್ಲದೆ ಬೇರೆ ಯಾವ ಮುಖ ಬರಬೇಕಿತ್ತು?

ಬೋಸ್ ಮತ್ತು ಫ್ರಾಯ್ಡ್ ಕೊನೆಯವರೆಗೂ ಭೇಟಿಯಾಗಲಿಲ್ಲ. ಅವರ ನಡುವೆ ಇದ್ದದ್ದು ಕಾಗದಗಳು ಮಾತ್ರ. ಆದರೂ ಅದೇ 1922ರಲ್ಲಿ ಬೋಸ್ ಕಲ್ಕತ್ತೆಯ ಪಾರ್ಸಿಬಾಗಾನ್ ಗಲ್ಲಿಯ ತಮ್ಮ ಮನೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿದರು. ನಮ್ಮ ದೇಶದ ಮೊದಲ ಮನೋವಿಶ್ಲೇಷಕ ಗುರುವಿನ ಮುಖ ನೋಡದೆ ವಿದ್ಯೆ ಕಲಿತವರು. ಏಕಲವ್ಯನಿಗೆ ಮಣ್ಣಿನ ದ್ರೋಣನಿದ್ದರೆ ಬೋಸ್ ಅವರಿಗೆ ಪೆನ್ಸಿಲಿನ ಫ್ರಾಯ್ಡ್ ಇದ್ದರು.

ನೂರು ವರ್ಷ ದಾಟಿದ ಮೇಲೆ ಈ ಹಳೆಯ ಕಥೆಗೆ ಹೊಸ ಮಹತ್ವ ಬಂದಿದೆ. ಇವತ್ತು ಗುರುವೂ ವೈದ್ಯರೂ ಮೊಬೈಲಿನ ಪರದೆಯ ಮೇಲೆ ಬರುತ್ತಾರೆ, ಮಾತನಾಡುತ್ತಾರೆ, ತಲೆದೂಗುತ್ತಾರೆ. ಓದಿನ ಒತ್ತಡಕ್ಕೋ ಮನೆಯ ಕಲಹಕ್ಕೋ ಸಿಕ್ಕಿ ನೊಂದ ಎಷ್ಟೋ ವಿದ್ಯಾರ್ಥಿಗಳಿಗೆ ಚಿಕಿತ್ಸಕರ ಮೊದಲ ಪರಿಚಯ ಆಗುವುದೇ ಹೀಗೆ. ಮನಶ್ಶಾಸ್ತ್ರ ಓದಿ ಮುಂದೆ ತಾವೇ ಚಿಕಿತ್ಸಕರಾಗಬೇಕೆಂಬ ಹುಡುಗ ಹುಡುಗಿಯರೂ ಇಂದು ಬಹಳ ಮಂದಿ. ಪರದೆಯ ಮೂಲಕ ಮನಸ್ಸಿಗೆ ಚಿಕಿತ್ಸೆ ಮಾಡಬಹುದೆ? ಪರದೆಯ ಮೂಲಕವೇ ಚಿಕಿತ್ಸಕನನ್ನೂ ತಯಾರು ಮಾಡಬಹುದೆ? ಇವೆರಡೂ ಒಂದೇ ಪ್ರಶ್ನೆಯಂತೆ ಕಂಡರೂ ಬೇರೆ ಬೇರೆ. ಎರಡಕ್ಕೂ ಒಂದೇ ಉತ್ತರ ಕೊಡಲಾಗದು ಎಂಬುದು ಈ ಲೇಖಕನ ಅಭಿಪ್ರಾಯ.

ವರ್ಗಾವಣೆ ಎಂದರೇನು?

ಸರಕಾರಿ ನೌಕರರ ಮನೆಯವರಿಗೆ ವರ್ಗಾವಣೆ ಎಂದೊಡನೆ ಸಾಮಾನು ಕಟ್ಟುವ ಚಿಂತೆ. ಮನೋವಿಶ್ಲೇಷಣೆಯ ವರ್ಗಾವಣೆಯಲ್ಲೂ ಗಂಟುಮೂಟೆ ಸಾಗುತ್ತದೆ, ಆದರೆ ಅದು ಭಾವನೆಗಳ ಗಂಟುಮೂಟೆ. ಚಿಕ್ಕಂದಿನಲ್ಲಿ ಅಪ್ಪನ ಸಿಟ್ಟಿಗೆ ಹೆದರಿ ಬೆಳೆದ ಹುಡುಗ ಕಾಲೇಜಿಗೆ ಬಂದ ಮೇಲೆ, ತನ್ನನ್ನು ಎಂದೂ ಗದರದ ಗಣಿತದ ಮೇಷ್ಟ್ರ ಮುಂದೆಯೂ ನಾಲಿಗೆ ಹೊರಳದೆ ನಿಲ್ಲುತ್ತಾನೆ. ಅಕ್ಕನ ಮೇಲಿನ ಹೊಟ್ಟೆಕಿಚ್ಚನ್ನು ಮರೆತೇಬಿಟ್ಟೆನೆಂದುಕೊಂಡ ಹುಡುಗಿಗೆ ಹಾಸ್ಟೆಲಿನ ಗೆಳತಿ ಕಾರಣವಿಲ್ಲದೆ ಬೇಡವಾಗುತ್ತಾಳೆ. ಹಳೆಯ ಸಂಬಂಧ ಹೊಸ ಮುಖದ ಮೇಲೆ ಹೋಗಿ ಕೂರುತ್ತದೆ, ಕೂತದ್ದು ನಮಗೇ ತಿಳಿಯುವುದಿಲ್ಲ.

ಚಿಕಿತ್ಸಕರ ಮುಂದೆಯೂ ಇದೇ ನಡೆಯುತ್ತದೆ. ಫ್ರಾಯ್ಡ್ ಮೊದಮೊದಲು ಇದನ್ನೊಂದು ಅಡ್ಡಿಯೆಂದೇ ತಿಳಿದಿದ್ದರು. 1900ರಲ್ಲಿ ಅವರ ಬಳಿಗೆ ಬಂದ ಒಬ್ಬ ಹದಿಹರೆಯದ ಹುಡುಗಿ ಸುಮಾರು ಹನ್ನೊಂದು ವಾರಗಳ ನಂತರ, ಅದೂ ವರ್ಷದ ಕೊನೆಯ ದಿನ, ಚಿಕಿತ್ಸೆಯನ್ನು ಬಿಟ್ಟು ಹೊರಟುಬಿಟ್ಟಳು. ಡೋರಾ ಎಂಬ ಹೆಸರಿಟ್ಟು 1905ರಲ್ಲಿ ಆ ಪ್ರಕರಣವನ್ನು ಪ್ರಕಟಿಸಿದಾಗ, ಆಕೆ ತನ್ನ ಬದುಕಿನ ಬೇರೆ ಗಂಡಸರ ಮೇಲಿನ ಭಾವನೆಗಳನ್ನು ತಮ್ಮ ಮೇಲೆ ಹೊರಿಸಿದ್ದನ್ನು ಸಕಾಲದಲ್ಲಿ ಗುರುತಿಸದೆ ಹೋದೆನೆಂದು ಫ್ರಾಯ್ಡ್ ಒಪ್ಪಿಕೊಂಡರು. ಅಡ್ಡಿಯೆಂದುಕೊಂಡಿದ್ದೇ ಚಿಕಿತ್ಸೆಯ ಮುಖ್ಯ ಉಪಕರಣವೆಂಬ ಅರಿವು ಬೆಳೆದದ್ದು ಇಂಥ ಸೋಲುಗಳಿಂದ. ರೋಗಿ ತನ್ನ ಅಪ್ಪನ ಬಗ್ಗೆ ಹೇಳುವುದು ಒಂದು. ವೈದ್ಯರನ್ನೇ ಅಪ್ಪನೆಂಬಂತೆ ನೋಡಿ ಹೆದರುವುದು, ಮುನಿಯುವುದು, ಓಲೈಸುವುದು ಇನ್ನೊಂದು. ಎರಡನೆಯದು ಕಣ್ಣೆದುರೇ ನಡೆಯುವುದರಿಂದ ಅದನ್ನು ಇಬ್ಬರೂ ಕೂಡಿ ನೋಡಬಹುದು.

ಇದಕ್ಕೆ ಶರೀರ ಎದುರಿಗಿರಲೇಬೇಕೆ? ಪೆನ್ಸಿಲಿನ ಚಿತ್ರವೇ ಉತ್ತರ ಹೇಳುತ್ತದೆ. ವರ್ಗಾವಣೆಗೆ ಅಂಚೆಯೂ ಸಾಕು. ಫ್ರಾಯ್ಡ್ ತಮ್ಮ ಮನಸ್ಸನ್ನು ತಾವೇ ಶೋಧಿಸಿಕೊಂಡ ದಿನಗಳಲ್ಲಿ ಬರ್ಲಿನ್ನಿನ ವೈದ್ಯಮಿತ್ರ ವಿಲ್ಹೆಲ್ಮ್ ಫ್ಲೀಸ್‌ಗೆ ಬರೆದ ಕಾಗದಗಳನ್ನು ನೋಡಿದರೆ, ಅಲ್ಲಿ ಫ್ಲೀಸ್ ಅರಿವಿಲ್ಲದೆಯೇ ವಿಶ್ಲೇಷಕನ ಪಾತ್ರ ವಹಿಸಿದ್ದು ಕಾಣುತ್ತದೆ. 1909ರಲ್ಲಿ ಪ್ರಕಟವಾದ 'ಪುಟ್ಟ ಹಾನ್ಸ್' ಪ್ರಕರಣದಲ್ಲಿ, ಕುದುರೆಗೆ ಹೆದರುತ್ತಿದ್ದ ಐದು ವರ್ಷದ ಬಾಲಕನನ್ನು ಫ್ರಾಯ್ಡ್ ಚಿಕಿತ್ಸೆಯ ಅವಧಿಯಲ್ಲಿ ನೋಡಿದ್ದು ಒಂದೇ ಸಲ. ಉಳಿದದ್ದೆಲ್ಲ ತಂದೆಯ ಮೂಲಕ. ಅಷ್ಟೇಕೆ, ನಮ್ಮ ಕನ್ನಡ ವಾರಪತ್ರಿಕೆಗಳ ಪ್ರಶ್ನೋತ್ತರ ಅಂಕಣಗಳಿಗೆ ತಲೆಮಾರುಗಟ್ಟಲೆ ಓದುಗರು ಗಂಡನಿಗೂ ಹೇಳದ ಗುಟ್ಟುಗಳನ್ನು ಇನ್‌ಲ್ಯಾಂಡ್ ಪತ್ರದಲ್ಲಿ ಬರೆದು ಕಳಿಸಲಿಲ್ಲವೆ? ಮುಖ ಕಾಣದ ಆ ಡಾಕ್ಟರು ಒಬ್ಬೊಬ್ಬರಿಗೆ ಒಬ್ಬೊಬ್ಬರಾಗಿ ಕಂಡಿರಬೇಕು.

ಹಾಗಾಗಿ ಪರದೆಯ ಮೇಲೆ ವರ್ಗಾವಣೆ ಆಗುವುದೇ ಇಲ್ಲ ಎಂಬ ಆಕ್ಷೇಪಣೆ ನಿಲ್ಲುವುದಿಲ್ಲ. ಆಗುತ್ತದೆ, ಕೆಲವೊಮ್ಮೆ ಬೇಗನೆ ಆಗುತ್ತದೆ. ಎದುರಾಳಿಯ ಮುಖ ಸರಿಯಾಗಿ ಕಾಣದಿದ್ದಾಗ ಜನ ಬಿಚ್ಚು ಮಾತಿಗೆ ಇಳಿಯುವುದನ್ನೂ ಉಳಿದದ್ದನ್ನು ಕಲ್ಪನೆಯಿಂದ ತುಂಬಿಕೊಳ್ಳುವುದನ್ನೂ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಸೂಲರ್ 2004ರಲ್ಲೇ ವಿವರಿಸಿದ್ದಾರೆ. ತೊಡಕಿರುವುದು ಬಂದದ್ದನ್ನು ಓದುವುದರಲ್ಲಿ.

ಲೈನ್ ಕಟ್ಟಾಯಿತೇ?

ಫ್ರಾಯ್ಡ್ ಅವರ ಚಿಕಿತ್ಸಾ ಕೊಠಡಿಯಲ್ಲಿ ಒಂದು ಒರಗುಮಂಚವಿತ್ತು. 1890ರ ಸುಮಾರಿಗೆ ಕೃತಜ್ಞ ರೋಗಿಯೊಬ್ಬರು ಕೊಟ್ಟ ಕಾಣಿಕೆ. ಮೇಲೆ ಇರಾನಿನ ಒಂದು ರತ್ನಗಂಬಳಿ. 1938ರಲ್ಲಿ ನಾಜಿಗಳ ಕಾಟದಿಂದ ತಪ್ಪಿಸಿಕೊಂಡು ಲಂಡನ್ನಿಗೆ ಹೋದಾಗ ಅದೂ ಜೊತೆಗೆ ಹೋಯಿತು, ಇಂದಿಗೂ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ರೋಗಿ ಅದರ ಮೇಲೆ ಮಲಗಿ ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಬೇಕು. ವೈದ್ಯ ತಲೆಯ ಹಿಂದೆ, ಕಾಣದಂತೆ ಕೂತಿರುತ್ತಾನೆ. ದಿನಕ್ಕೆ ಎಂಟು ಗಂಟೆ ಕಾಲ ಜನ ನನ್ನನ್ನೇ ದಿಟ್ಟಿಸುವುದು ನನಗೆ ತಾಳದು ಎಂಬ ಸ್ವಂತದ ಕಾರಣವನ್ನು ಫ್ರಾಯ್ಡ್ 1913ರ ಬರಹದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ತಮ್ಮ ಮುಖಭಾವ ನೋಡಿ ರೋಗಿ ಮಾತು ತಿರುಗಿಸಬಾರದು ಎಂಬುದು ಶಾಸ್ತ್ರೀಯ ಕಾರಣ.

ಸೋಜಿಗವೆಂದರೆ, ವೈದ್ಯನ ಸುಪ್ತ ಮನಸ್ಸು ರೋಗಿಯ ಸುಪ್ತ ಮನಸ್ಸನ್ನು ಟೆಲಿಫೋನಿನ ರಿಸೀವರಿನಂತೆ ಗ್ರಹಿಸಬೇಕು ಎಂಬ ಹೋಲಿಕೆಯನ್ನು 1912ರಲ್ಲಿ ಕೊಟ್ಟವರೂ ಫ್ರಾಯ್ಡ್ ಅವರೇ. ನಿಜವಾದ ಟೆಲಿಫೋನ್ ಕಂಡರೆ ಅವರಿಗೆ ಆಗುತ್ತಿರಲಿಲ್ಲವೆಂದು ಮಗ ಮಾರ್ಟಿನ್ ಬರೆದಿದ್ದಾರೆ. ಟೆಲಿಫೋನನ್ನು ಚಿಕಿತ್ಸೆಯ ಸಹಾಯಕ ಸಾಧನವಾಗಿ ಬಳಸುವ ವಿಚಾರವನ್ನು ಅಮೆರಿಕದ ಲಿಯಾನ್ ಸಾಲ್ 1951ರಲ್ಲಿ ಮುಂದಿಟ್ಟರು. ನಂತರ ಸ್ಕೈಪ್ ಬಂತು. ಎಲ್ಲಕ್ಕೂ ಮಿಗಿಲಾಗಿ 2020ರ ಮಾರ್ಚಿಯಲ್ಲಿ ಕೋವಿಡ್ ಬಂದು, ಒಪ್ಪುವವರು ಒಪ್ಪದವರು ಎಂಬ ಭೇದವಿಲ್ಲದೆ ಜಗತ್ತಿನ ವಿಶ್ಲೇಷಕರನ್ನೆಲ್ಲ ಪರದೆಯ ಮುಂದೆ ಕೂರಿಸಿತು. ಅದೇ ತಿಂಗಳ ಕೊನೆಯ ವಾರದಲ್ಲಿ ನಮ್ಮ ದೇಶದಲ್ಲೂ ದೂರವೈದ್ಯಕ್ಕೆ ಅಧಿಕೃತ ಮಾರ್ಗಸೂಚಿ ಹೊರಬಿತ್ತು.

ಪರದೆ ಏನು ಬದಲಿಸಿತು? ಮೊದಲು ಮೌನವನ್ನು ನೋಡಿ. ಕೊಠಡಿಯಲ್ಲಿ ರೋಗಿ ಐದು ನಿಮಿಷ ಸುಮ್ಮನಿದ್ದರೆ ಆ ಮೌನಕ್ಕೆ ತೂಕವಿರುತ್ತದೆ. ಉಸಿರು ಕೇಳುತ್ತದೆ, ಕುರ್ಚಿ ಕಿರ್ ಎನ್ನುತ್ತದೆ, ಹಿಂದೆ ಒಬ್ಬರು ಕಾಯುತ್ತಿದ್ದಾರೆಂಬುದು ಬೆನ್ನಿಗೆ ಗೊತ್ತಾಗುತ್ತದೆ. ಫೋನಿನಲ್ಲಿ ಐದು ಸೆಕೆಂಡು ಮೌನವಾದರೆ ಬಾಯಿಗೆ ಬರುವ ಮಾತು ಒಂದೇ: "ಹಲೋ, ಕೇಳಿಸ್ತಿದೆಯಾ?" ಆ ಒಂದು ಮಾತಿನಿಂದ ಗಂಟಲವರೆಗೆ ಬಂದಿದ್ದ ಇನ್ನೊಂದು ಮಾತು ವಾಪಸು ಹೋಗಿಬಿಡುತ್ತದೆ.

ತಡವಾಗಿ ಬರುವುದನ್ನೂ ಹೀಗೆಯೇ ನೋಡಬಹುದು. ಕಷ್ಟದ ವಿಷಯ ಹತ್ತಿರ ಬಂದಾಗ ರೋಗಿ ತಡಮಾಡುತ್ತಾನೆ, ಬಸ್ಸು ತಪ್ಪಿಸಿಕೊಳ್ಳುತ್ತಾನೆ. ಇದು ಪ್ರತಿರೋಧದ ಗುರುತೆಂದು ವಿಶ್ಲೇಷಕರು ಹಿಡಿಯುತ್ತಾರೆ. ಈಗ ನೆಟ್‌ವರ್ಕ್ ಎಂಬ ನೆಪ ಸದಾ ಸಿದ್ಧ, ಅದು ಎಷ್ಟೋ ಸಲ ನಿಜವೂ ಹೌದು. ಅಳು ಬರುವ ಹೊತ್ತಿಗೇ ಚಿತ್ರ ನಿಂತುಹೋದರೆ ರೋಗಿಗೆ ಮನಸ್ಸಿನಲ್ಲಿ ಏನಾಗುತ್ತದೆ? ಅಮ್ಮ ಬಿಟ್ಟುಹೋದಂತೆ ಇವರೂ ಹೋದರು ಎಂದೆನಿಸಬಹುದು. ಮತ್ತೆ ಸಂಪರ್ಕ ಸಿಕ್ಕಾಗ ಜಾಣ ವಿಶ್ಲೇಷಕರು ತಂತ್ರಜ್ಞಾನವನ್ನು ಬೈದು ಮುಂದೆ ಹೋಗದೆ, ಆ ಅರ್ಧ ನಿಮಿಷದಲ್ಲಿ ಏನನ್ನಿಸಿತು ಎಂದು ಕೇಳುತ್ತಾರೆ. ಹಾಗೆ ಕೇಳಬಲ್ಲವರ ಕೈಯಲ್ಲಿ ಕೆಟ್ಟ ನೆಟ್‌ವರ್ಕ್ ಕೂಡ ಉಪಕರಣವಾದೀತು.

ಕಣ್ಣಿನ ವಿಷಯ ಇನ್ನೂ ವಿಚಿತ್ರ. ಕ್ಯಾಮರಾ ಇರುವುದು ಮೇಲೆ, ಮುಖ ಕಾಣುವುದು ಕೆಳಗೆ. ಮುಖ ನೋಡಿದರೆ ಕಣ್ಣು ತಗ್ಗಿಸಿದಂತೆ ಕಾಣುತ್ತದೆ, ಕಣ್ಣಿಗೆ ಕಣ್ಣು ಕೊಡಬೇಕೆಂದರೆ ಮುಖ ನೋಡುವುದನ್ನೇ ಬಿಡಬೇಕು. ಇಬ್ಬರೂ ನೋಡುತ್ತಿದ್ದಾರೆ, ನೋಟಗಳು ಕೂಡುವುದಿಲ್ಲ. ಜೊತೆಗೆ ಮೂಲೆಯ ಪುಟ್ಟ ಚೌಕದಲ್ಲಿ ತನ್ನದೇ ಮುಖ. ಕನ್ನಡಿಯ ಮುಂದೆ ಕೂತು ನಾಚಿಕೆಯ ವಿಷಯ ಹೇಳುವುದು ಯಾರಿಗೆ ಸುಲಭ? ಇದಕ್ಕೆಂದೇ ಕೆಲವರು ಚಿತ್ರವನ್ನು ಮುಚ್ಚಿ ದನಿಯನ್ನಷ್ಟೇ ಉಳಿಸಿಕೊಳ್ಳುತ್ತಾರೆ, ಇಲ್ಲವೆ ಫೋನನ್ನು ತಲೆಯ ಹಿಂದೆ ಇಟ್ಟುಕೊಂಡು ಮಲಗುತ್ತಾರೆ. ಇನ್ನು ಪರದೆಯಲ್ಲಿ ಶರೀರ ಎದೆಯವರೆಗೆ ಮಾತ್ರ. ನಗುತ್ತಾ ಮಾತನಾಡುವ ಹುಡುಗನ ಕಾಲು ಮೇಜಿನ ಕೆಳಗೆ ನಡುಗುತ್ತಿರುವುದು ವೈದ್ಯರಿಗೆ ಕಾಣುವುದಿಲ್ಲ.

ಬ್ರಿಟನ್ನಿನಲ್ಲಿ ತರಬೇತಾದ ಗಿಲಿಯನ್ ಐಸಾಕ್ಸ್ ರಸೆಲ್ ಸ್ವತಃ ಇಂಥ ಚಿಕಿತ್ಸೆ ನೀಡಿ, ಅದರ ಮಿತಿಗಳ ಬಗ್ಗೆ 2015ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅವರ ವಾದದ ತಿರುಳು ಇಷ್ಟು. ಒಂದೇ ಕೊಠಡಿಯಲ್ಲಿರುವ ಇಬ್ಬರು ಬಯಸಿದರೆ ಮುಟ್ಟಬಹುದು, ಸಿಟ್ಟು ಬಂದರೆ ಹೊಡೆಯಲೂಬಹುದು. ಆದರೂ ಹಾಗೆ ಮಾಡದೆ ಮಾತಿನಲ್ಲೇ ಉಳಿಯುತ್ತಾರೆ. ಅಪಾಯದ ಸಾಧ್ಯತೆ ಇದ್ದೂ ಅಪಾಯವಾಗದೆ ಇರುವುದರಿಂದ ನಂಬಿಕೆ ಹುಟ್ಟುತ್ತದೆ. ಪರದೆಯ ಮೇಲೆ ಆ ಸಾಧ್ಯತೆಯೇ ಇಲ್ಲ, ಆದ್ದರಿಂದ ನಂಬಿಕೆಗೆ ಪರೀಕ್ಷೆಯೂ ಇಲ್ಲ. ಇದಕ್ಕೆ ಎದುರಾಗಿ, ಅಮೆರಿಕದ ಜಿಲ್ ಸ್ಯಾವೆಜ್ ಶಾರ್ಫ್ 2013ರಿಂದ ಹೊರತಂದ ಸಂಪುಟಗಳಲ್ಲಿ ಅನೇಕ ವಿಶ್ಲೇಷಕರು ದೂರದಿಂದಲೂ ಆಳವಾದ ಕೆಲಸ ಆದೀತೆಂದು ತಮ್ಮ ಅನುಭವ ಬರೆದಿದ್ದಾರೆ. ಎರಡು ಕಡೆಯವರೂ ಕಂಡದ್ದನ್ನೇ ಹೇಳುತ್ತಿದ್ದಾರೆ ಎನಿಸುತ್ತದೆ.

ಬಾಗಿಲ ಆಚೆ ಅಮ್ಮ

ಈ ಚರ್ಚೆಗಳಲ್ಲಿ ಸಾಕಷ್ಟು ಕೇಳಿಬರದ ಒಂದು ಬದಲಾವಣೆ ನಮ್ಮ ಮನೆಗಳಿಗೆ ನೇರ ಸಂಬಂಧಿಸಿದ್ದು. ಮೊದಲು ಕೊಠಡಿ ಒದಗಿಸುತ್ತಿದ್ದವರು ಚಿಕಿತ್ಸಕರು. ಬಾಗಿಲು, ಪರದೆ, ಗಡಿಯಾರ, ನಿಶ್ಶಬ್ದ ಎಲ್ಲವೂ ಅವರ ಜವಾಬ್ದಾರಿ. ಈಗ ಕೊಠಡಿಯನ್ನು ರೋಗಿಯೇ ಹೊಂದಿಸಿಕೊಳ್ಳಬೇಕು. ಎರಡು ಕೋಣೆಯ ಮನೆಯಲ್ಲಿ, ಅಜ್ಜಿಯ ಮಂಚದ ಪಕ್ಕದಲ್ಲಿ, ತಮ್ಮ ಟಿ.ವಿ. ನೋಡುವಾಗ, ಅಪ್ಪನ ಮೇಲಿನ ಕೋಪವನ್ನು ಹೇಳುವುದು ಹೇಗೆ? ಗೋಡೆಗೂ ಕಿವಿಯುಂಟು. ಹಾಸ್ಟೆಲಿನವರು ತಾರಸಿಗೆ ಹೋಗುತ್ತಾರೆ, ಊರಿನವರು ತೋಟಕ್ಕೆ ಹೋಗುತ್ತಾರೆ. ಕೆಲವರು ದನಿ ತಗ್ಗಿಸಿ ಇಂಗ್ಲಿಷಿಗೆ ತಿರುಗುತ್ತಾರೆ. ಚಿಕ್ಕಂದಿನ ನೋವೆಲ್ಲ ಕನ್ನಡದಲ್ಲಿ ಆಗಿದ್ದಾಗ ಆ ಇಂಗ್ಲಿಷಿನಲ್ಲಿ ಎಷ್ಟು ಹೇಳಿಕೊಳ್ಳಲು ಸಾಧ್ಯ?

ಬರುವ ಹೋಗುವ ದಾರಿಯೂ ಇಲ್ಲವಾಗಿದೆ. ಚಿಕಿತ್ಸಕರಲ್ಲಿಗೆ ಹೋಗುವ ಅರ್ಧ ಗಂಟೆಯಲ್ಲಿ ಮನಸ್ಸು ಸಿದ್ಧವಾಗುತ್ತಿತ್ತು, ಮರಳುವ ಅರ್ಧ ಗಂಟೆಯಲ್ಲಿ ಕಣ್ಣೀರು ಆರುತ್ತಿತ್ತು. ಈಗ ಗುಂಡಿ ಒತ್ತಿದೊಡನೆ ಎದುರಿಗೆ ಊಟದ ತಟ್ಟೆ, ಪಕ್ಕದಲ್ಲಿ ಅಮ್ಮನ ಪ್ರಶ್ನೆ: "ಏನಂದ್ರು?" ಕೇಳುವ ಅಮ್ಮನ ಕಾಳಜಿ ಸುಳ್ಳಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ಕೊಡಬೇಕಾದೀತೆಂಬ ಭಯ ಮುಂದಿನ ಸಲದ ಮಾತನ್ನೇ ಅದುಮುತ್ತದೆ. ಶುಲ್ಕ ಕೊಡುವವರು ತಂದೆತಾಯಿ ಆಗಿದ್ದಾಗಲಂತೂ ಇದು ಇನ್ನೂ ಸೂಕ್ಷ್ಮ. ಆ ಐವತ್ತು ನಿಮಿಷ ಕಾಫಿ ಬೇಕೇ ಎಂದು ಕೇಳಲೂ ಬಾಗಿಲು ತಟ್ಟದಿರುವುದು, ನಂತರದ ಅರ್ಧ ಗಂಟೆ ಏನೂ ಕೇಳದಿರುವುದು, ತಂದೆತಾಯಿ ಕೊಡಬಹುದಾದ ದೊಡ್ಡ ಸಹಾಯ.

ಇಷ್ಟೆಲ್ಲ ಕೊರತೆಗಳಿದ್ದರೂ ಪರದೆಯ ಚಿಕಿತ್ಸೆ ಬೇಡವೆನ್ನುವುದು ಅನ್ಯಾಯವಾದೀತು. ತಾಲ್ಲೂಕು ಕೇಂದ್ರದಲ್ಲೂ ಚಿಕಿತ್ಸಕರಿಲ್ಲದ ಕಡೆ ಇರುವ ಹುಡುಗಿಗೆ ಕೊಠಡಿಯೇ ಬೇಕೆಂದರೆ ಏನೂ ಬೇಡವೆಂದಂತೆ. 'ಹುಚ್ಚಾಸ್ಪತ್ರೆ'ಯ ಬಾಗಿಲಲ್ಲಿ ಯಾರಾದರೂ ನೋಡಿಯಾರೆಂಬ ಅಂಜಿಕೆಯೂ ಫೋನಿನಲ್ಲಿ ಇಲ್ಲ. ತಡೆಯಲಾರದ ಸಂಕಟದ ಹೊತ್ತಿಗೆಂದು 2022ರ ಅಕ್ಟೋಬರ್ 10ರಂದು ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ 'ಟೆಲಿ ಮಾನಸ್' ಸೇವೆ ಇದೆ. 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಇದು ಮನೋವಿಶ್ಲೇಷಣೆಯಲ್ಲ, ತುರ್ತಿನ ಆಸರೆ. ಅದರ ಉಪಯೋಗವೇ ಬೇರೆ.

ವೈದ್ಯನೂ ಮೊದಲು ಮಲಗಬೇಕು

ಚಿಕಿತ್ಸಕನ ತರಬೇತಿಯ ಮಾತು ಬೇರೆ. ಮನೋವಿಶ್ಲೇಷಕ ಆಗಬೇಕಾದವನು ಮೊದಲು ತಾನೇ ಒರಗುಮಂಚದ ಮೇಲೆ ಮಲಗಿ ವಿಶ್ಲೇಷಣೆಗೆ ಒಳಗಾಗಬೇಕು ಎಂಬ ಪ್ರಸ್ತಾಪ 1918ರ ಬುಡಾಪೆಸ್ಟ್ ಸಮ್ಮೇಳನದಲ್ಲಿ ಬಂತು. 1920ರಲ್ಲಿ ಬರ್ಲಿನ್ನಿನಲ್ಲಿ ಚಿಕಿತ್ಸಾಲಯ ತೆರೆದ ಮ್ಯಾಕ್ಸ್ ಐಟಿಂಗನ್ ಮತ್ತು ಸಂಗಡಿಗರು ಅದನ್ನು ಕ್ರಮಕ್ಕೆ ತಂದರು: ಸ್ವಂತ ವಿಶ್ಲೇಷಣೆ, ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳ ಚಿಕಿತ್ಸೆ, ಜೊತೆಗೆ ಶಾಸ್ತ್ರದ ಪಾಠ. 1925ರಲ್ಲಿ ಅಂತರರಾಷ್ಟ್ರೀಯ ಸಂಘ ತರಬೇತಿಗೆ ಆಯೋಗ ರಚಿಸಿದ ಮೇಲೆ ಇದೇ ಮಾದರಿ ಹಲವು ದೇಶಗಳಲ್ಲಿ ಬೇರೂರಿತು. ವಾರಕ್ಕೆ ನಾಲ್ಕೈದು ದಿನ, ವರ್ಷಾನುಗಟ್ಟಲೆ. ಈಜು ಕಲಿಸುವವನಿಗೆ ನೀರು ಕುಡಿದ ಅನುಭವ ಇರಬೇಕಲ್ಲ!

ಪಾಠವನ್ನು ಪರದೆಯಲ್ಲಿ ಹೇಳಿಕೊಡಬಹುದು, ಅದಕ್ಕೆ ಯಾರದೂ ದೊಡ್ಡ ತಕರಾರಿಲ್ಲ. ಮೇಲ್ವಿಚಾರಣೆಯೂ ಬಹುಪಾಲು ಸಾಧ್ಯ. ಜಗಳವಿರುವುದು ಸ್ವಂತ ವಿಶ್ಲೇಷಣೆಯ ಬಗ್ಗೆ. ಕಮ್ಯುನಿಸ್ಟ್ ಆಡಳಿತಗಳು ಕುಸಿದ ಮೇಲೆ ಪೂರ್ವ ಯೂರೋಪಿನ ತರಬೇತಿಗಳಿಗೆ ಊರಿನಲ್ಲಿ ವಿಶ್ಲೇಷಕರಿರಲಿಲ್ಲ. ಅವರು ಪರದೇಶದಲ್ಲಿ ಕೆಲವು ವಾರ ಇದ್ದು ದಿನಕ್ಕೊಂದಕ್ಕಿಂತ ಹೆಚ್ಚು ಸಲ ವಿಶ್ಲೇಷಣೆಗೆ ಒಳಗಾಗಿ, ಊರಿಗೆ ಮರಳಿ, ತಿಂಗಳುಗಳ ನಂತರ ಮತ್ತೆ ಹೋಗುತ್ತಿದ್ದರು. ಚೀನಾದಲ್ಲಿ ದಾರಿ ಬೇರೆಯಾಯಿತು. ಅಮೆರಿಕದ ವಿಶ್ಲೇಷಕಿ ಎಲಿಸ್ ಸ್ನೈಡರ್ ಕಟ್ಟಿದ ಚೀನಾ ಅಮೆರಿಕ ಮನೋವಿಶ್ಲೇಷಣಾ ಒಕ್ಕೂಟ ಸ್ಕೈಪ್ ಮೂಲಕವೇ ಪಾಠ, ಮೇಲ್ವಿಚಾರಣೆ, ಚಿಕಿತ್ಸೆ ಎಲ್ಲವನ್ನೂ ನಡೆಸಿತು. ಇಲ್ಲಿ ಬೆಳಗಾದರೆ ಅಲ್ಲಿ ರಾತ್ರಿ. ಹಾಗೆ ತಯಾರಾದವರು ಈಗ ತಮ್ಮ ನಾಡಿನ ರೋಗಿಗಳನ್ನು ನೋಡುತ್ತಿದ್ದಾರೆ. ಅಂತರರಾಷ್ಟ್ರೀಯ ಸಂಘ ಮಾತ್ರ, ತರಬೇತಿಯ ವಿಶ್ಲೇಷಣೆ ಮುಖಾಮುಖಿಯೇ ಆಗಬೇಕು, ದೂರದ್ದು ಅಪವಾದ ಎಂಬ ನಿಲುವನ್ನು ಕೋವಿಡ್ ಬರುವವರೆಗೂ ಹಿಡಿದಿತ್ತು.

ಬೋಸ್ ಅವರ ಉದಾಹರಣೆಯನ್ನು ಇಲ್ಲಿ ಎರಡೂ ಕಡೆಯವರು ಬಳಸಬಹುದು. ಯಾರ ಮಂಚದ ಮೇಲೂ ಮಲಗದ ಬೋಸ್ ಯಾರ ಮರ್ಜಿಗೂ ಒಳಗಾಗಲಿಲ್ಲ. ತಮ್ಮ ಭಾರತೀಯ ರೋಗಿಗಳ ಮನಸ್ಸು ಯೂರೋಪಿನವರಂತೆ ಇಲ್ಲವೆಂದು 1929ರಲ್ಲಿ ಫ್ರಾಯ್ಡ್‌ಗೇ ಬರೆದರು. ಗುರು ಸೌಜನ್ಯದಿಂದ ಓದಿದರು, ಪೂರಾ ಒಪ್ಪಲಿಲ್ಲ. ಏಕಲವ್ಯನ ಹೆಬ್ಬೆರಳು ಈ ಸಲ ಉಳಿಯಿತು! ದೂರದ ಲಾಭ ಇದು. ನಷ್ಟವೂ ಅಲ್ಲೇ ಇದೆ. ತನ್ನ ಕಣ್ಣಿಗೆ ಕಾಣದ ತನ್ನ ಕುರುಡನ್ನು ತೋರಿಸಲು ಬೋಸ್ ಅವರಿಗೆ ಇನ್ನೊಬ್ಬರಿರಲಿಲ್ಲ, ಮುಂದಿನವರಲ್ಲಿ ಅನೇಕರಿಗೆ ತರಬೇತಿ ಕೊಟ್ಟವರೂ ಅವರೇ. ಬೋಸ್ ಅಸಾಮಾನ್ಯ ಪ್ರತಿಭಾವಂತರು. ಆದರೆ ತರಬೇತಿಯ ನಿಯಮಗಳನ್ನು ಸಾಮಾನ್ಯರಿಗಾಗಿ ಮಾಡಬೇಕಾಗುತ್ತದೆ.

ರೋಗಿಯ ನಷ್ಟ ಒಬ್ಬ ರೋಗಿಯದು. ಚಿಕಿತ್ಸಕನ ತರಬೇತಿಯಲ್ಲಿ ಬಿಟ್ಟುಹೋದದ್ದು ಅವನ ಎಲ್ಲ ರೋಗಿಗಳಿಗೂ, ಅವನ ಶಿಷ್ಯರಿಗೂ ಸಾಗುತ್ತದೆ. ಕೊಠಡಿಯ ಮೌನವನ್ನು ತಾನು ಅನುಭವಿಸಿದವನಿಗೆ ಪರದೆಯ ಮೇಲೆ ಅದು ಕಾಣೆಯಾದಾಗ ಗೊತ್ತಾಗುತ್ತದೆ, ಅದಕ್ಕೆ ಬದಲಿ ಏನು ಎಂದು ಹುಡುಕುತ್ತಾನೆ. ಅನುಭವಿಸದವನಿಗೆ ಕಾಣೆಯಾದದ್ದೇ ತಿಳಿಯದು. ಈ ಕಾರಣಕ್ಕೆ, ಚಿಕಿತ್ಸೆಯಲ್ಲಿ ಒಪ್ಪಬಹುದಾದ ಪರದೆಯನ್ನು ತರಬೇತಿಯಲ್ಲಿ ಪೂರಾ ಒಪ್ಪುವುದು ಕಷ್ಟ. ವರ್ಷಕ್ಕೆ ಕೆಲವು ವಾರಗಳಾದರೂ ಕೊಠಡಿ ಬೇಕು.

ನಮ್ಮ ದೇಶದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವೂ ಬೇರೊಂದು ದಾರಿಯಿಂದ ಇಂಥದೇ ಕಡೆಗೆ ಬಂದಿದೆ. 2025ರ ಆಗಸ್ಟ್‌ನಲ್ಲಿ ಅದು, ಆರೋಗ್ಯ ಸಂಬಂಧಿ ವಿಷಯಗಳ ಸಾಲಿಗೆ ಸೇರಿಸಿ, ಮನಶ್ಶಾಸ್ತ್ರದ ಪದವಿಗಳನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಆ ಶೈಕ್ಷಣಿಕ ವರ್ಷದಿಂದ ಕೊಡಕೂಡದೆಂದು ಸೂಚಿಸಿತು. ಆದರೆ ಪದವಿಯ ಹೊರಗೆ, 'ಆರು ವಾರದಲ್ಲಿ ಆಪ್ತಸಲಹೆಗಾರರಾಗಿ' ಎಂಬಂಥ ಜಾಹೀರಾತುಗಳಿಗೆ ಈ ಆದೇಶ ಅಡ್ಡ ಬರುವುದಿಲ್ಲ. ಹಣ ಕಟ್ಟುವ ಮೊದಲು ವಿದ್ಯಾರ್ಥಿಗಳೂ ತಂದೆತಾಯಿಯರೂ ಕೇಳಬೇಕಾದ ಪ್ರಶ್ನೆಗಳು ಪಠ್ಯಕ್ರಮದ ಪುಸ್ತಕದಲ್ಲಿ ಇರುವುದಿಲ್ಲ. ಒಬ್ಬ ರೋಗಿಯ ಜೊತೆ ಒಂದೇ ಕೊಠಡಿಯಲ್ಲಿ ಎಷ್ಟು ಗಂಟೆ ಕೂರಿಸುತ್ತೀರಿ? ಆ ಗಂಟೆಗಳ ಬಗ್ಗೆ ಯಾರ ಹತ್ತಿರ, ವಾರಕ್ಕೆಷ್ಟು ಸಲ ಮಾತನಾಡಬೇಕು? ಕಲಿಯುವವರು ತಾವೂ ಚಿಕಿತ್ಸೆಗೆ ಒಳಗಾಗುವ ಏರ್ಪಾಡಿದೆಯೆ? ಇದ್ದರೆ ಅಲ್ಲಿ ಹೇಳಿದ್ದು ಪರೀಕ್ಷಕರ ಕಿವಿಗೆ ಬೀಳುವುದಿಲ್ಲ ತಾನೆ? ಕೊನೆಯ ಪ್ರಶ್ನೆಗೆ ಸಂಸ್ಥೆಯವರು ತಡವರಿಸಿದರೆ ಬೇರೆ ಸಂಸ್ಥೆ ಹುಡುಕುವುದು ಲೇಸು.